‘ಬರೀ ಟೆನ್ಷನ್’ ಬಿಪಿಯನ್ನು ನಾನು ಅಳೆದು ನೋಡುವ ಬಗೆ

“ಬಿಪಿ ಏನಿಲ್ಲ ಡಾಕ್ಟ್ರೇ, ಬರೀ ಟೆನ್ಷನ್” ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಹಾಗೇ ಒಪ್ಪುವುದೂ ಇಲ್ಲ. ಗಾಬರಿಯಾದಾಗ ಅಡ್ರಿನಲಿನ್ ನುಗ್ಗಿ ರಕ್ತದೊತ್ತಡ ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅದು ಸಹಜ. ಭಯಪಡಬೇಕಾದದ್ದು ತಿಂಗಳುಗಟ್ಟಲೆ ಬಿಡದೆ ಕಾಡುವ ಒತ್ತಡಕ್ಕೆ. ಆಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನಿಂದಾಗಿ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ, ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ನಿದ್ದೆ ಕೆಡುವುದು, ಸಿಗರೇಟು ಹೆಚ್ಚುವುದು, ಮಾತ್ರೆ ತಪ್ಪುವುದು ಬೇರೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತದ ಒಂಬತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ ಮನಸ್ಸಿನ ಒತ್ತಡವನ್ನೂ ಸೇರಿಸಿದೆ.

ಹಾಗಾಗಿ ಒಂದು ವಾರ ಮನೆಯಲ್ಲೇ ಬಿಪಿ ಬರೆಸುತ್ತೇನೆ. ಯಂತ್ರ ತೋಳಿಗೆ ಕಟ್ಟುವಂಥದ್ದೇ ಆಗಬೇಕು. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ, ಆದ್ದರಿಂದ ಮೊದಲು ತೋಳಿನ ಸುತ್ತಳತೆ ನೋಡುತ್ತೇನೆ. ಅರ್ಧ ಗಂಟೆ ಮೊದಲಿಂದ ಕಾಫಿ, ಸಿಗರೇಟು ಬೇಡ, ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂರಬೇಕು. ಬಟ್ಟೆ ಸರಿಸಿದ ತೋಳು ಮೇಜಿನ ಮೇಲೆ ಎದೆಮಟ್ಟಕ್ಕೆ ಇರಲಿ. ಅಳೆಯುವಾಗ ಮಾತು ಬೇಡವೇ ಬೇಡ. ಬೆಳಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ 1 ನಿಮಿಷ ಬಿಡುವು. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯುತ್ತೇನೆ. 135/85 ದಾಟಿದರೆ ಅದು ಅಧಿಕ ರಕ್ತದೊತ್ತಡವೇ. ಹುಟ್ಟಿದ್ದು ಟೆನ್ಷನ್‌ನಿಂದಾದರೂ ರಕ್ತನಾಳಕ್ಕೆ ಆಗುವ ಪೆಟ್ಟು ಒಂದೇ.

ಪಕ್ಕದ ಕಾಲಮಿನಲ್ಲಿ ಎಷ್ಟು ಗಂಟೆ ನಿದ್ದೆ, ಆ ದಿನ ಏನು ನಡೆಯಿತು ಎಂದು ಬರೆಯಲು ಹೇಳುತ್ತೇನೆ. ಎಷ್ಟೋ ವಿಷಯ ಗೊತ್ತಾಗುವುದು ಅಲ್ಲೇ. ಕ್ಲಿನಿಕ್ಕಿನಲ್ಲಿ ಹೆಚ್ಚು, ಮನೆಯಲ್ಲಿ ಸರಿ ಇದ್ದರೆ ಕೂಡಲೇ ಮಾತ್ರೆ ಬರೆಯುವ ಅವಸರವಿಲ್ಲ, ಆಗಾಗ ನೋಡುತ್ತಿದ್ದರೆ ಸಾಕು. ಇದು ತಿರುಗುಮುರುಗಾದರೆ, ಅಂದರೆ ನನ್ನೆದುರು ಸರಿ, ಮನೆಯಲ್ಲಿ ಹೆಚ್ಚು ಎಂದಾದರೆ, ಅಪಾಯ ಜಾಸ್ತಿ. ಟೆನ್ಷನ್ ಮೇಲೆ ಹೊರಿಸುವ ಮುನ್ನ ಗೊರಕೆ, ಥೈರಾಯ್ಡ್, ದಿನವೂ ನುಂಗುವ ನೋವಿನ ಮಾತ್ರೆ, ಸ್ಟೀರಾಯ್ಡ್ ಇವನ್ನೂ ವಿಚಾರಿಸುತ್ತೇನೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸುತ್ತೇನೆ.

ನಿಮಿಷಕ್ಕೆ 6ರಂತೆ ನಿಧಾನ ಉಸಿರಾಟ, ದಿನಕ್ಕೆ 10 ನಿಮಿಷ ಮಾಡಿದರೆ ಬಿಪಿ ತುಸು ಇಳಿಯುತ್ತದೆ. ರಭಸದಿಂದ ಆಳವಾಗಿ ಎಳೆದರೆ ತಲೆ ಸುತ್ತುತ್ತದೆ. ಆದರೆ ಈ ಉಸಿರಾಟವನ್ನೇ ನಂಬಿ ಮಾತ್ರೆ ನಿಲ್ಲಿಸಬಾರದು. ಹೆಚ್ಚು ಬಂತೆಂದು ಗಾಬರಿಯಿಂದ ಮತ್ತೆ ಮತ್ತೆ ಅಳೆದರೆ ಅಂಕಿ ಏರುತ್ತಲೇ ಹೋಗುತ್ತದೆ; ಯಂತ್ರ ಎತ್ತಿಟ್ಟು ಸಂಜೆಯೇ ನೋಡಿ. 180/120 ದಾಟಿ ಎದೆನೋವು, ಉಸಿರುಕಟ್ಟುವುದು, ಮಾತು ತೊದಲುವುದು ಇದ್ದರೆ ಸಂಜೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೊರಡಿ.