ಬ್ರಾಡ್‌ವೇ ಮ್ಯೂಸಿಕಲ್‌ಗಳಲ್ಲಿ ಯಹೂದಿತನ, ಗೇ ಬದುಕು: ಯಾವುದರಿಂದ ಶುರು ಮಾಡೋದು, ಹೆಂಗೆ ನೋಡೋದು

ಬ್ರಾಡ್‌ವೇ ಅಂದ್ರೆ ನ್ಯೂಯಾರ್ಕ್‌ನ ದೊಡ್ಡ ಥಿಯೇಟರ್‌ಗಳ ಜಾಗ, ಮ್ಯೂಸಿಕಲ್ ಅಂದ್ರೆ ಹಾಡು ಕುಣಿತದಲ್ಲಿ ಕಥೆ ಹೇಳೋ ನಾಟಕ. ಅದರಲ್ಲಿ ಯಹೂದಿತನ, ಗೇ ಬದುಕು ಹುಡುಕೋರು ಮೊದಲು ಮಾಡೋ ಕೆಲಸ ಏನಂದ್ರೆ ಯಾವ ಕಂಪೋಸರ್ ಯಹೂದಿ, ಯಾರು ಗೇ ಅಂತ ಪಟ್ಟಿ ಮಾಡ್ತಾ ಕೂರೋದು. ಪಟ್ಟಿ ಏನೋ ಬೆಳೀತಾ ಹೋಗುತ್ತೆ, ತಲೆಗೆ ಹೋಗೋದು ಮಾತ್ರ ಕಮ್ಮಿ. ಬರೆದೋರು ಯಾರು ಅನ್ನೋದನ್ನ ಒಂದು ಕಡೆ ಇಟ್ಕೊಳ್ಳಿ, ಸ್ಟೇಜ್ ಮೇಲೆ ಏನು ಕಾಣುತ್ತೆ ಅನ್ನೋದನ್ನ ಇನ್ನೊಂದು ಕಡೆ, ಎರಡೂ ಎಷ್ಟೋ ಸಲ ಕೂಡೋದೇ ಇಲ್ಲ, ಯಾಕೆ ಕೂಡಲ್ಲ ಅಂತ ಕೇಳ್ಕೊಳ್ಳೋದೇ ಇಲ್ಲಿ ಅಸಲಿ ಕೆಲಸ.

ಜೊತೆಗೆ ಯಾವ ಶೋ ಆದ್ರೂ ಇಸವಿ ನೋಡ್ಬಿಡಿ. ಸಲಿಂಗಕಾಮದ ವಿಷಯ ಸ್ಟೇಜಿಗೆ ತಂದ್ರೆ ಥಿಯೇಟರ್‌ಗೇ ಬೀಗ ಜಡಿಯೋ ಕಾನೂನು ನ್ಯೂಯಾರ್ಕ್‌ನಲ್ಲಿ 1927ರಲ್ಲಿ ಬಂತು, 1967ರ ತನಕ ಹೋಗ್ಲಿಲ್ಲ.

ಶುರು ಮಾಡೋಕೆ ನನ್ನ ಕೇಳಿದ್ರೆ 'ಫಾಲ್ಸೆಟ್ಟೋಸ್'. ವಿಲಿಯಂ ಫಿನ್, ಜೇಮ್ಸ್ ಲಪೈನ್ ಮಾಡಿದ್ದು, 1981 ಮತ್ತು 1990ರ ಎರಡು ಚಿಕ್ಕ ಮ್ಯೂಸಿಕಲ್ ಸೇರಿಸಿ 1992ರಲ್ಲಿ ಬ್ರಾಡ್‌ವೇಗೆ ಬಂತು. ಮಾರ್ವಿನ್ ಅನ್ನೋನು ಹೆಂಡ್ತಿ ಟ್ರೀನಾನ ಬಿಟ್ಟು ವಿಝರ್ ಅನ್ನೋ ಗಂಡಸಿನ ಜೊತೆ ಹೋಗ್ತಾನೆ, ಆದ್ರೆ ಹೆಂಡ್ತಿ ಮಗ ಎಲ್ಲಾರೂ ಒಟ್ಟಿಗೇ ಇರಬೇಕು ಅನ್ನೋ ಆಸೆನೂ ಬಿಡಲ್ಲ, ಅತ್ತ ಅವನ ಸೈಕಿಯಾಟ್ರಿಸ್ಟೇ ಟ್ರೀನಾನ ಮದುವೆ ಆಗ್ತಾನೆ! ಹೆಚ್ಚುಕಮ್ಮಿ ಪೂರ್ತಿ ಹಾಡಲ್ಲೇ ನಡೆಯೋದ್ರಿಂದ ಕಾಸ್ಟ್ ರೆಕಾರ್ಡಿಂಗ್ (ನಟರೇ ಹಾಡಿದ ಆಲ್ಬಂ) ಕೇಳಿದ್ರೂ ಕಥೆ ಸಿಗುತ್ತೆ, ಲಿರಿಕ್ಸ್ ಎದುರಿಗೆ ಇಟ್ಕೊಳ್ಳಿ, ಸ್ಪೀಡ್ ಜಾಸ್ತಿ. 2016ರ ರಿವೈವಲ್‌ನ (ಹಳೇ ಶೋನ ಮತ್ತೆ ಹೊಸದಾಗಿ ಆಡಿದ್ದು) ರೆಕಾರ್ಡ್ ಮಾಡಿದ ವಿಡಿಯೋನೂ ಇದೆ.

ಕೇಳುವಾಗ ಮಗ ಜೇಸನ್‌ನ ಬಾರ್ ಮಿಟ್ಸ್ವಾ ಮೇಲೆ ಕಣ್ಣಿಡಿ. ಹದಿಮೂರಕ್ಕೆ ಹುಡುಗನ್ನ ದೊಡ್ಡವನು ಅಂತ ಒಪ್ಪಿಕೊಳ್ಳೋ ಯಹೂದಿ ಶಾಸ್ತ್ರ ಅದು. ಮೊದಲು ಅಪ್ಪ ಅಮ್ಮ ಅದನ್ನ ಹೆಂಗೆ ಮಾಡೋದು ಅಂತ ಜಗಳ ಆಡ್ತಾರೆ, ಎಲ್ಲಾ ಕಾಮಿಡಿ ಥರಾನೇ ಹೋಗುತ್ತೆ, ಆಮೇಲೆ ವಿಝರ್‌ಗೆ ಕಾಯಿಲೆ ಬೀಳುತ್ತೆ. ಎರಡನೇ ಭಾಗದ ಕಥೆ ನಡೆಯೋದು 1981ರಲ್ಲಿ, ಏಡ್ಸ್ ಅನ್ನೋ ಹೆಸರು ಇನ್ನೂ ಇಟ್ಟಿರ್ಲಿಲ್ಲ, ಪಕ್ಕದ ಮನೆ ಡಾಕ್ಟರ್ ಏನೋ ಕೆಟ್ಟದ್ದು ಹರಡ್ತಾ ಇದೆ ಅಂತ ಮಾತ್ರ ಹಾಡ್ತಾಳೆ. ಕೊನೆಗೆ ಜೇಸನ್ ತಾನೇ ಶಾಸ್ತ್ರನ ವಿಝರ್ ಇರೋ ಆಸ್ಪತ್ರೆ ರೂಮಿಗೆ ತರ್ತಾನೆ. ಅಪ್ಪನ ಪ್ರೇಮಿ ಸಾಯ್ತಾ ಇದಾನೆ, ಮಗ ಅದೇ ರೂಮಲ್ಲಿ ಧರ್ಮದ ಪ್ರಕಾರ ದೊಡ್ಡವನಾಗ್ತಾ ಇದಾನೆ. ಎರಡೂ ಗುರುತು ಹಿಂಗೆ ಬಿಡಿಸೋಕಾಗದಂಗೆ ಗಂಟು ಬಿದ್ದಿರೋ ಸೀನ್ ಅಮೆರಿಕನ್ ಮ್ಯೂಸಿಕಲ್‌ನಲ್ಲಿ ನನಗಂತೂ ಇನ್ನೊಂದು ಸಿಕ್ಕಿಲ್ಲ.

ಇಲ್ಲಿಂದ ಹಿಂದಕ್ಕೆ ಹೋಗಿ, 1957ರ 'ವೆಸ್ಟ್ ಸೈಡ್ ಸ್ಟೋರಿ'. ನ್ಯೂಯಾರ್ಕ್‌ನ ಎರಡು ಗ್ಯಾಂಗ್‌ಗಳ ಜಗಳದ ನಡುವಿನ ಪ್ರೇಮಕಥೆ ಅದು. ಸಂಗೀತ ಬರ್ನ್‌ಸ್ಟೈನ್, ಹಾಡಿನ ಸಾಹಿತ್ಯ ಸಾಂಡ್‌ಹೈಮ್, ಕಥೆ ಲಾರೆಂಟ್ಸ್, ಡೈರೆಕ್ಷನ್ ರಾಬಿನ್ಸ್, ನಾಲ್ಕೂ ಜನ ಯಹೂದಿಗಳು, ನಾಲ್ಕೂ ಜನ ಗೇ ಅಥವಾ ಬೈಸೆಕ್ಶುವಲ್ (ಗಂಡು ಹೆಣ್ಣು ಇಬ್ಬರ ಮೇಲೂ ಆಸೆ ಇರೋರು). ಸ್ಟೇಜ್ ಮೇಲೆ ಹುಡುಕಿದ್ರೆ ಗೇ ಪ್ರೇಮ ಇಲ್ಲವೇ ಇಲ್ಲ, ಯಹೂದಿ ಅಂದ್ರೆ ಅಂಗಡಿ ಇಟ್ಟಿರೋ ಮುದುಕ ಡಾಕ್ ಅಂತ ಊಹೆ ಮಾಡ್ಕೋಬೇಕು ಅಷ್ಟೇ. ತಮಾಷೆ ಅಂದ್ರೆ 1949ರಲ್ಲಿ ಮೊದಲು ಹೊಳೆದ ಐಡಿಯಾದಲ್ಲಿ ಯಹೂದಿ-ಕ್ಯಾಥೊಲಿಕ್ ಜಗಳಾನೇ ಇತ್ತು, ಆಮೇಲೆ ಪೋರ್ಟೊ ರಿಕೊ ಹುಡುಗರ ಗ್ಯಾಂಗ್ ಬಂತು.

'ಕ್ಯಾಬರೆ'ನ ಮಾತ್ರ ಒಂದೇ ಸಲ ನೋಡಿ ಬಿಡ್ಬೇಡಿ, ಬೇರೆ ಬೇರೆ ವರ್ಶನ್ ಪಕ್ಕಪಕ್ಕ ಇಟ್ಟು ನೋಡಿ. ನಾಜಿಗಳು ಮೇಲೆ ಬರ್ತಿದ್ದಾಗಿನ ಬರ್ಲಿನ್‌ನ ನೈಟ್‌ಕ್ಲಬ್ ಕಥೆ ಇದು, ಹಾಡು ಮಾಡಿದ ಕ್ಯಾಂಡರ್, ಎಬ್ ಇಬ್ಬರೂ ಯಹೂದಿ, ಗೇ. 1966ರಲ್ಲಿ ಗೊರಿಲ್ಲಾನ ಪ್ರೇಯಸಿ ಅಂತ ಹಾಡೋ ಹಾಡಿನ ಕೊನೇ ಸಾಲಲ್ಲಿ ಯಹೂದಿ ಅನ್ನೋ ಮಾತಿಗೆ ತಕರಾರು ಬಂದು ಸಾಲು ಬದಲಾಯ್ತು, 1972ರ ಸಿನಿಮಾದಲ್ಲಿ ವಾಪಸ್ ಬಂತು. 1966ರಲ್ಲಿ ಹುಡುಗೀರನ್ನಷ್ಟೇ ಪ್ರೀತಿಸೋ ಹೀರೋ ಆಗಿದ್ದ ಕ್ಲಿಫ್ ನಂತರದ ರಿವೈವಲ್‌ಗಳಲ್ಲಿ ಬೈಸೆಕ್ಶುವಲ್ ಆದ. 1998ರದ್ದರಲ್ಲಂತೂ ಕ್ಲಬ್‌ನ ಶೋ ನಡೆಸೋ ಎಮ್‌ಸೀ ಕೊನೆಗೆ ಕೋಟು ಬಿಚ್ಚಿದ್ರೆ ಒಳಗೆ ಕ್ಯಾಂಪ್ ಕೈದಿ ಬಟ್ಟೆ, ಅದರ ಮೇಲೆ ನಾಜಿಗಳು ಯಹೂದಿಗಳಿಗೆ ಹಾಕ್ತಿದ್ದ ಹಳದಿ ನಕ್ಷತ್ರ, ಗೇಗಳಿಗೆ ಹಾಕ್ತಿದ್ದ ಪಿಂಕ್ ತ್ರಿಕೋನ ಎರಡೂ.

'ಲಾ ಕಾಜ್ ಓ ಫೋಲ್' (1983) ನೋಡೋದು ಸುಲಭ, ಗೇ ಜೋಡಿ ಎದುರಿಗೇ ಇದೆ, ಬರೆದ ಹರ್ಮನ್, ಫೈರ್‌ಸ್ಟೀನ್ ಇಬ್ಬರೂ ಯಹೂದಿಗಳು, ಕಥೆ ಮಾತ್ರ ಫ್ರಾನ್ಸ್‌ದು.

'ಫಿಡ್ಲರ್ ಆನ್ ದ ರೂಫ್' (1964) ವಿಷಯದಲ್ಲಿ ಸ್ವಲ್ಪ ಹುಷಾರು. ಮಗಳು ಖಾವಾ ಬೇರೆ ಧರ್ಮದೋನ್ನ ಮದುವೆ ಆದಾಗ ಯಹೂದಿ ಅಪ್ಪ ಟೆವ್ಯೆ ಅವಳು ಸತ್ತಳು ಅಂದ್ಬಿಡ್ತಾನೆ, ಮನೆಯಿಂದ ಹೊರಗೆ ಹಾಕಿಸ್ಕೊಂಡ ಗೇ ಪ್ರೇಕ್ಷಕರು ಅದರಲ್ಲಿ ತಮ್ಮ ಕಥೆ ನೋಡ್ಕೋಬಹುದು, ತಪ್ಪೇನಿಲ್ಲ. ಬರೀವಾಗ ಅದನ್ನ ನೋಡೋರ ಓದು ಅಂತಲೇ ಬರೀರಿ, ಡೈರೆಕ್ಟರ್ (ವೆಸ್ಟ್ ಸೈಡ್ ಸ್ಟೋರಿಯ ಅದೇ ರಾಬಿನ್ಸ್) ಬೈಸೆಕ್ಶುವಲ್ ಆಗಿದ್ದ ಅಂತ ಆ ಅರ್ಥನ ಅವನ ತಲೆಗೆ ಕಟ್ಟಬೇಡಿ.