ವರ್ಡ್ ಫೈಲಿನಲ್ಲಿ ಚಿಹ್ನೆ ಕೆಟ್ಟಿದೆಯೇ? ಫಾಂಟ್ ಬದಲಿಸಲು ಹೋಗಬೇಡಿ

ಟಿಕ್ ಮಾರ್ಕ್ ಇರಬೇಕಾದ ಕಡೆ ಖಾಲಿ ಚೌಕ ಕಂಡ ಕೂಡಲೇ ಹೆಚ್ಚಿನವರು ಇಡೀ ಫೈಲನ್ನು ಸೆಲೆಕ್ಟ್ ಮಾಡಿ ಫಾಂಟ್ ಬದಲಿಸುತ್ತಾರೆ. ಸರಿಯಾಗಿದ್ದ ಚಿಹ್ನೆಗಳೂ ಕೆಡುವುದು ಆಗಲೇ. ಮೊದಲು ಫೈಲಿನ ಇನ್ನೊಂದು ಪ್ರತಿ ಉಳಿಸಿಕೊಳ್ಳಿ.

ಮುಂದಿನ ಕೆಲಸ, ಕೆಟ್ಟಿರುವುದು ಯಾವ ಚಿಹ್ನೆ ಎಂದು ಪತ್ತೆ ಹಚ್ಚುವುದು. ಎಲ್ಲರೂ ಎಡವುವುದು ಇಲ್ಲೇ. ಸಿಂಬಲ್, ವಿಂಗ್‌ಡಿಂಗ್ಸ್‌ನಂಥ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಚಿಹ್ನೆಗಳಿವೆ. ವಿಂಗ್‌ಡಿಂಗ್ಸ್‌ನ ನಗುಮುಖ ಫಾಂಟ್ ತಪ್ಪಿದರೆ ಬರೀ ‘ಜೆ’ ಅಕ್ಷರವಾಗುತ್ತದೆ. ಸಿಂಬಲ್‌ನ ‘≤’ ಪೌಂಡ್ ಗುರುತು ‘£’ ಆಗುತ್ತದೆ. ಇವಾದರೂ ಕಣ್ಣಿಗೆ ಬೀಳುತ್ತವೆ. ಅಪಾಯ ಇರುವುದು ಮೈಕ್ರೊ ಚಿಹ್ನೆ ‘µ’ನಲ್ಲಿ. ಸಿಂಬಲ್‌ನಲ್ಲಿ ಅದರ ಜಾಗ ಸಣ್ಣ ‘ಎಂ’. ಹಾಗಾಗಿ 50 ಮೈಕ್ರೊಗ್ರಾಂ ಎಂದಿದ್ದುದು ಸದ್ದಿಲ್ಲದೆ 50 ಮಿಲಿಗ್ರಾಂ ಆಗಿಬಿಡಬಹುದು, 1,000 ಪಟ್ಟು ಹೆಚ್ಚು! ಔಷಧದ ಪ್ರಮಾಣ, ಲ್ಯಾಬ್ ವರದಿಗಳಿದ್ದರೆ ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಲೇಬೇಕು.

ಅನುಮಾನವಿರುವ ಚಿಹ್ನೆಯೊಂದನ್ನೇ ಸೆಲೆಕ್ಟ್ ಮಾಡಿ, ಇನ್ಸರ್ಟ್ ಟ್ಯಾಬಿನ ಸಿಂಬಲ್ ಒತ್ತಿ ಮೋರ್ ಸಿಂಬಲ್ಸ್ ತೆರೆಯಿರಿ. ಅಲ್ಲಿ ಫಾಂಟ್ ಹೆಸರು, ಕೆಳಗಡೆ ಕ್ಯಾರೆಕ್ಟರ್ ಕೋಡ್ ಇರುತ್ತವೆ. ವಿಂಗ್‌ಡಿಂಗ್ಸ್, ಡೆಸಿಮಲ್ 252 ಎಂದಿದ್ದರೆ ಅದು ಟಿಕ್ ಮಾರ್ಕ್. ಹೋಮ್ ಟ್ಯಾಬ್ ತೋರಿಸುವ ಫಾಂಟ್ ಹೆಸರನ್ನು ನಂಬಬೇಡಿ. ಎಷ್ಟೋ ಸಲ ಅದು ಅಕ್ಕಪಕ್ಕದ ಬರಹದ ಫಾಂಟ್ ಆಗಿರುತ್ತದೆ.

ಗೊತ್ತಾದ ಮೇಲೆ ಕೆಟ್ಟದ್ದನ್ನು ಅಳಿಸಿ ಯೂನಿಕೋಡ್ (ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ತನ್ನದೇ ಕೋಡ್ ಇರುವ ವ್ಯವಸ್ಥೆ) ಚಿಹ್ನೆಯನ್ನೇ ಹಾಕಿ. ವಿಂಡೋಸ್‌ನ ವರ್ಡ್‌ನಲ್ಲಿ 2713 ಎಂದು ಟೈಪ್ ಮಾಡಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ✓ ಬರುತ್ತದೆ. 2192ಕ್ಕೆ →, 2264ಕ್ಕೆ ≤. ಕೋಡ್‌ಗೆ ತೀರಾ ಮುಂಚೆ ಬೇರೆ ಅಂಕಿಯಿದ್ದರೆ ಅದೂ ಕೋಡ್‌ಗೆ ಸೇರಿಹೋಗುತ್ತದೆ, ಆದ್ದರಿಂದ ಕೋಡನ್ನಷ್ಟೇ ಸೆಲೆಕ್ಟ್ ಮಾಡಿ ಒತ್ತಿ. ಒಂದೇ ಚಿಹ್ನೆ ಹಲವು ಕಡೆ ಕೆಟ್ಟಿದ್ದರೆ ಫೈಂಡ್-ರಿಪ್ಲೇಸ್ ಸಾಕು. ಆದರೆ ‘µ’ ವಿಷಯದಲ್ಲಿ ರಿಪ್ಲೇಸ್ ಆಲ್ ಕಡೆ ಕೈಹಾಕಬೇಡಿ, ನಿಜವಾದ ಮಿಲಿಗ್ರಾಂಗಳೂ ಬದಲಾಗುತ್ತವೆ.

ಸಾಲಿನ ಮುಂದಿನ ಬುಲೆಟ್‌ಗಳಷ್ಟೇ ಕೆಟ್ಟಿದ್ದರೆ ಬುಲೆಟ್ ಪಟ್ಟಿಯಿಂದ ಹೊಸದನ್ನು ಆರಿಸಿದರೆ ಮುಗಿಯಿತು.

ಚಿಹ್ನೆಯ ಸ್ಕ್ರೀನ್‌ಶಾಟ್ ತೆಗೆದು ಅಂಟಿಸುವ ಅಡ್ಡದಾರಿ ಬೇಡವೇ ಬೇಡ: ಅದನ್ನು ಹುಡುಕಲಾಗದು, ಅಕ್ಷರದ ಗಾತ್ರ ಬದಲಿಸಿದರೆ ಅದು ಮಾತ್ರ ಹಾಗೇ ಉಳಿಯುತ್ತದೆ. ಫಾಂಟ್ ರಿಪೇರಿ ಮಾಡುತ್ತೇವೆನ್ನುವ ಅಪರಿಚಿತ ಜಾಲತಾಣಗಳಿಗೆ ನಿಮ್ಮ ಫೈಲನ್ನು ಕೊಡಲೂಬೇಡಿ.

ಇನ್ನೊಬ್ಬರು ಓದುವುದಷ್ಟೇ ಇದ್ದರೆ ಪಿಡಿಎಫ್ ಕಳಿಸಿ. ತಿದ್ದುವುದೂ ಇದ್ದರೆ ಫೈಲ್, ಆಪ್ಷನ್ಸ್, ಸೇವ್ ಒಳಗೆ ಹೋಗಿ ಫಾಂಟ್ ಎಂಬೆಡ್ ಮಾಡುವ, ಅಂದರೆ ಫೈಲಿನೊಳಗೇ ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಎಂಬೆಡ್ ಮಾಡಲು ಎಲ್ಲ ಫಾಂಟ್‌ಗಳೂ ಬಿಡುವುದಿಲ್ಲ, ಹಾಗಾಗಿ ಕಳಿಸುವ ಮುನ್ನ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.