ಹುಣಸೆಮರದ ಕೊಕ್ಕರೆಗಳು ಮತ್ತು ಊರಕಟ್ಟೆಯ ಮಾತು

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹೆಸರನ್ನು ಪಕ್ಷಿಪ್ರಿಯರೆಲ್ಲರೂ ಬಲ್ಲರು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರೇ ಅವನ್ನು ಕಾಯುತ್ತಾರೆ. ನಮ್ಮದು ಅದೇ ತಾಲ್ಲೂಕಿನ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಚಿಕ್ಕ ಊರು. ನಮ್ಮ ಕೆರೆಯ ಹಿಂಬದಿಯ ಹುಣಸೆತೋಪಿಗೂ ಅದೇ ಹಕ್ಕಿಗಳು ಬರತೊಡಗಿ ಕೆಲವು ವರ್ಷಗಳಾದವು. ಅವನ್ನು ನೋಡಲು ಬರುವವರ ಊಟ, ವಸತಿ, ದಾರಿ ತೋರಿಸುವ ವ್ಯವಸ್ಥೆಯ ಹೊಣೆ ಆರು ವರ್ಷಗಳಿಂದ ನನ್ನ ಮೇಲಿದೆ.

ಮೊದಲ ತೊಡಕು ಬಂದದ್ದು ಹುಣಸೆಹಣ್ಣಿನಿಂದ. ನಮ್ಮ ಕಡೆ ಸಂಕ್ರಾಂತಿ ಕಳೆದ ಮೇಲೆ ಹಣ್ಣು ಬಡಿಯಲು ಶುರುಮಾಡಿದರೆ ಯುಗಾದಿಯವರೆಗೂ ನಡೆಯುತ್ತದೆ. ಕೊಕ್ಕರೆಗಳು ಕಡ್ಡಿ ತಂದು ಗೂಡು ಹೆಣೆಯುವುದೂ ಶಿವರಾತ್ರಿಯ ಆಸುಪಾಸಿನಲ್ಲೇ. ಮರವನ್ನು ಗುತ್ತಿಗೆ ಹಿಡಿದವರು ಗಳು ಹಿಡಿದು ಕೊಂಬೆಗೆ ಬಡಿದರೆ ಹಣ್ಣಿನ ಜೊತೆಗೆ ಮೊಟ್ಟೆಯೂ ಉದುರುತ್ತದೆ. ಬಡಿಯಬೇಡಿ ಎಂದು ಹೇಳುವುದು ಸುಲಭ, ಆದರೆ ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಬೆಳೆ ಹೋದಾಗ ಮನೆ ನಡೆಸುವುದು ಆ ಹಣ್ಣಿನ ದುಡ್ಡೇ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಫಸಲು ಬಿಟ್ಟುಕೊಡುವ ಮರದ ಯಜಮಾನರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ನಮಗೆ ಅಂಥ ಆಸರೆ ಇರಲಿಲ್ಲ.

ಆಗ ಮುಂದೆ ಬಂದವರು ನನ್ನ ದೊಡ್ಡಪ್ಪ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದು ಮಾಡಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗಲೇ ನಮ್ಮ ಮನೆಯ ಅಧಿಕಾರ ಕಾಗದದ ಮೇಲೆ ಮುಗಿದಿತ್ತು. ಆದರೂ ಪರಿಷೆಯ ದಿನ ಗೊತ್ತುಮಾಡುವುದಕ್ಕೆ, ಬದುವಿನ ಜಗಳ ಬಿಡಿಸುವುದಕ್ಕೆ ಜನ ಇಂದಿಗೂ ಅರಳಿಕಟ್ಟೆಗೆ ಬಂದು ಅವರನ್ನೇ ಕೇಳುತ್ತಾರೆ. ಊರನ್ನು ಸೇರಿಸಿ ಅವರು ಉಪದೇಶವನ್ನೇನೂ ಮಾಡಲಿಲ್ಲ. "ನಮ್ಮ ಎರಡು ಮರ ಈ ವರ್ಷ ಗುತ್ತಿಗೆಗೆ ಕೊಡಲ್ಲ, ಹಕ್ಕಿಗೆ ಬಿಟ್ಟಿದೀನಿ. ಮಿಕ್ಕಿದ್ದು ನಿಮ್ಮಿಷ್ಟ ಕಣ್ರಪ್ಪ," ಎಂದಷ್ಟೇ ಹೇಳಿ ಎದ್ದರು. ಆ ವರ್ಷ ಇನ್ನೂ ನಾಲ್ಕು ಮನೆಯವರು ಗೂಡಿದ್ದ ಕೊಂಬೆಗಳನ್ನು ಬಿಟ್ಟು ಮಿಕ್ಕ ಕೊಂಬೆಗಳ ಹಣ್ಣನ್ನಷ್ಟೇ ಕೈಯಿಂದ ಕೀಳಿಸಿದರು. ನಾನು ಕರಪತ್ರ ಹಂಚಿ ಎರಡು ವರ್ಷ ಹೇಳಿದ್ದರಿಂದ ಆಗದ ಕೆಲಸ ಅದು.

ಆದರೆ ಕಟ್ಟೆಯ ಮಾತಿಗೆ ಇರುವ ಮಿತಿಯನ್ನೂ ಬಿಚ್ಚಿ ಹೇಳಬೇಕು. ಆ ಕಟ್ಟೆಯ ಮೇಲೆ ಹೆಂಗಸರು ಕೂತವರಲ್ಲ; ಕಾಲೊನಿಯವರು ಕೆಳಗೆ ನಿಂತು ಕೇಳಿಸಿಕೊಂಡವರು. ಊರಿಗೆ ಸುದ್ದಿ ಸಾರಲು ತಮಟೆ ಬಾರಿಸುವ ಕೆಲಸ ಆ ಕೇರಿಯವರ ಪಾಲಿಗೇ ಬಿದ್ದಿತ್ತು, ಅವರ ಮಕ್ಕಳು ಇನ್ನು ಬಾರಿಸುವುದಿಲ್ಲ ಎಂದರು, ಹಾಗೆ ಹೇಳಿದ್ದು ನ್ಯಾಯವೇ ಆಗಿತ್ತು. ಮೊದಲ ವರ್ಷ ಬಂದ ಅತಿಥಿಗಳ ಹಣವನ್ನು ಹಳೆಯ ರೂಢಿಯಂತೆ ಹಿರಿಯರ ಕೈಗೆ ಕೊಟ್ಟೆ. ಅದು ಗುಡಿಯ ಸುಣ್ಣಬಣ್ಣಕ್ಕೆ ಹೋಯಿತು. ಅಡುಗೆ ಮಾಡಿದವರಿಗೂ ಮರ ಬಿಟ್ಟುಕೊಟ್ಟವರಿಗೂ ಏನೂ ಸಿಗಲಿಲ್ಲ. ಆ ತಪ್ಪು ನನ್ನದೇ. ಮರುವರ್ಷದಿಂದ ಹಣ ಸ್ತ್ರೀಶಕ್ತಿ ಸಂಘದ ಖಾತೆಗೆ ಬರುತ್ತದೆ: ನೂರು ರೂಪಾಯಿಯಲ್ಲಿ ನಲವತ್ತು ಮರದ ಯಜಮಾನರಿಗೆ, ನಲವತ್ತು ಅಡುಗೆಯವರಿಗೂ ದಾರಿ ತೋರಿಸುವ ಹುಡುಗರಿಗೂ, ಇಪ್ಪತ್ತು ಬಿದ್ದ ಮರಿಗಳ ಆರೈಕೆಗೆ. ಲೆಕ್ಕವನ್ನು ಪ್ರತಿ ಅಮಾವಾಸ್ಯೆಯಂದು ಅದೇ ಕಟ್ಟೆಯ ಮೇಲೆ ಕೂತು ಸಂಘದ ಕಾರ್ಯದರ್ಶಿ ಓದುತ್ತಾರೆ. ಅವರು ಕಾಲೊನಿಯ ಹೆಣ್ಣುಮಗಳು. ಮೊದಲ ಸಲ ಅವರು ಕಟ್ಟೆ ಹತ್ತಿದಾಗ ಇಬ್ಬರು ಹಿರಿಯರು ಎದ್ದುಹೋದರು. ದೊಡ್ಡಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಮೂರನೆಯ ವರ್ಷ ಬೆಂಗಳೂರಿನಿಂದ ಬಂದ ಒಂದು ತಂಡ ನಮಗೆ ತಿಳಿಸದೆ ಡ್ರೋನ್ ಹಾರಿಸಿತು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ತಾಯಿಹಕ್ಕಿಗಳು ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಕೊಟ್ಟು ನಿಲ್ಲುವ ಹೊತ್ತು ಅದು; ಎಲ್ಲವೂ ಒಂದೇ ಸಲಕ್ಕೆ ಎದ್ದುಹೋದವು. ಬೆಳ್ಳನೆಯ ತುಪ್ಪುಳಿನ ಒಂದು ಮರಿ ಜಾಲಿಮುಳ್ಳಿನ ಮೇಲೆ ಬಿದ್ದು, ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಹಿಂದೆ ತಳವಾರಿಕೆ ಮಾಡುತ್ತಿದ್ದ ಮನೆಯ ಅಜ್ಜ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ಕೆರೆಯ ಚಿಕ್ಕ ಮೀನುಗಳನ್ನು ಮಂಕರಿಯೊಳಗೆ ಹಾಕಿ ನಲವತ್ತು ದಿನ ಸಾಕಿದರು. ಅಂದಿನಿಂದ ತೋಪಿನ ಅಂಚಿಗೆ ಹಗ್ಗ ಕಟ್ಟಿದ್ದೇವೆ. ಬೆಳಗ್ಗೆ ಒಂಬತ್ತರವರೆಗೆ ಮತ್ತು ಸಂಜೆ ನಾಲ್ಕರ ನಂತರ ಮಾತ್ರ ಜನರನ್ನು ಬಿಡುತ್ತೇವೆ, ಒಂದು ಸಲಕ್ಕೆ ಹನ್ನೆರಡು ಜನಕ್ಕಿಂತ ಹೆಚ್ಚಿಲ್ಲ. ತೋಪಿನ ಹತ್ತಿರ ಮದುವೆಯ ಪಟಾಕಿಯನ್ನೂ ನಿಲ್ಲಿಸಲಾಗಿದೆ. ಇದಕ್ಕೆ ದೊಡ್ಡಪ್ಪ ತಮ್ಮ ಮೊಮ್ಮಗಳ ಮದುವೆಯಿಂದಲೇ ಶುರುಮಾಡಿದರು.

ಈಗ ಕಟ್ಟೆಯ ಮುಂದೆ ಇರುವುದು ನಮ್ಮ ತೋಪನ್ನು ಸಮುದಾಯ ಮೀಸಲು ಪ್ರದೇಶ, ಅಂದರೆ ಊರವರೇ ಸೇರಿ ಕಾಯುವ ಕಾನೂನುಬದ್ಧ ವನ್ಯಜೀವಿ ತಾಣ, ಮಾಡಿಸಬೇಕೇ ಎಂಬ ಪ್ರಶ್ನೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಇದಕ್ಕೆ ಅವಕಾಶವಾಗಿದ್ದು, 2007ರಲ್ಲಿ ಕೊಕ್ಕರೆಬೆಳ್ಳೂರು ಆ ಮನ್ನಣೆ ಪಡೆಯಿತು. ಜಮೀನು ಯಜಮಾನರ ಹೆಸರಿನಲ್ಲೇ ಉಳಿಯುತ್ತದೆ, ನಿರ್ವಹಣಾ ಸಮಿತಿಗೆ ಗ್ರಾಮ ಪಂಚಾಯಿತಿಯೇ ಪ್ರತಿನಿಧಿಗಳನ್ನು ಸೂಚಿಸುತ್ತದೆ ಎಂದು ನಾನು ಓದಿ ಹೇಳಿದೆ. ಆದರೆ ಭೂಬಳಕೆ ಬದಲಿಸಲು ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಆರು ಮನೆಯವರು ಒಪ್ಪಿದ್ದಾರೆ. ಉಳಿದ ಮೂವರು, ಮಕ್ಕಳಿಗೆ ಪಾಲು ಮಾಡುವಾಗ ಏನಾಗುತ್ತದೆ ಎಂದು ಕೇಳುತ್ತಿದ್ದಾರೆ. ಅವರ ಮೇಲೆ ಒತ್ತಾಯ ಹೇರಬಾರದೆಂದು ದೊಡ್ಡಪ್ಪ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮುಂದಿನ ಅಮಾವಾಸ್ಯೆಗೆ ಆ ಮೂವರ ಮಕ್ಕಳನ್ನೂ ಸೊಸೆಯಂದಿರನ್ನೂ ಕಟ್ಟೆಗೆ ಕರೆದಿದ್ದೇವೆ.